ಮಗ ದಿನಾ ಮಣ್ಣು ಮೆತ್ತಿಕೊಂಡು ಬರುತ್ತಾನೆ, ಇನ್ನೂ ಒಂದಕ್ಷರ ಬರೆದಿಲ್ಲ. ಶಾಲೆ ಬದಲಾಯಿಸಲಾ?

ಪುಟ್ಟನ ಅಮ್ಮ (ಜೆ.ಪಿ. ನಗರ)
ಶುಕ್ರವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗನಿಗೆ ಈ ಸಂಕ್ರಾಂತಿಗೆ ನಾಲ್ಕು ತುಂಬುತ್ತದೆ. ಜೂನ್‌ನಿಂದ ಮನೆ ಹತ್ತಿರದ ಒಂದು ಸಣ್ಣ ಪ್ರೀಸ್ಕೂಲಿಗೆ ಹೋಗುತ್ತಿದ್ದಾನೆ. ಹಳೇ ಕಾಲದ ಮನೆ. ಹಿಂದೆ ಹಿತ್ತಲು, ಒಂದು ಹೊಂಗೆ ಮರ, ಒಂದು ಕರಿಬೇವು, ನಾಲ್ಕು ಪಾತಿ, ಒಂದು ನೀರಿನ ತೊಟ್ಟಿ. ಅಷ್ಟೇ. ಪುಸ್ತಕ ಇಲ್ಲ, ಹೋಮ್‌ವರ್ಕ್ ಇಲ್ಲ. ಏಳು ತಿಂಗಳಲ್ಲಿ ಅವನು ಮನೆಗೆ ತಂದಿದ್ದು ಏನು ಗೊತ್ತಾ? ಹೊಂಗೆ ಕಾಯಿ, ಬಸವನಹುಳುವಿನ ಖಾಲಿ ಚಿಪ್ಪು, ಯಾವುದೋ ಹಕ್ಕಿಯ ಪುಕ್ಕ. ಜೊತೆಗೆ ಯೂನಿಫಾರ್ಮ್ ತುಂಬ ಕೆಂಪು ಮಣ್ಣು. ಆ ಕಲೆ ಯಾವ ಪೌಡರಿಗೂ ಬಗ್ಗುತ್ತಿಲ್ಲ.

ಎದುರು ಮನೆ ಹುಡುಗಿ ಇವನಿಗಿಂತ ಎರಡು ತಿಂಗಳು ಚಿಕ್ಕವಳು. ಒಂದರಿಂದ ಐವತ್ತು ಬರೆಯುತ್ತಾಳೆ. ನೆಂಟರು ಬಂದರೆ ನಿಂತು ರೈಮ್ಸ್ ಹೇಳುತ್ತಾಳೆ. ನಮ್ಮವನನ್ನು "ಏನೋ ಕಲಿತೆ" ಅಂದರೆ "ಏನೂ ಇಲ್ಲ" ಅಂತ ಓಡುತ್ತಾನೆ. ನಮ್ಮ ಅತ್ತೆ ಮೊನ್ನೆ ಒಂದೇ ಮಾತಲ್ಲಿ ಮುಗಿಸಿದರು: "ಮಣ್ಣಲ್ಲಿ ಆಡೋಕೆ ದುಡ್ಡು ಕೊಟ್ಟು ಕಳಿಸಬೇಕೇನಮ್ಮ? ನಮ್ಮೂರಲ್ಲಿ ಪುಕ್ಕಟೆ ಆಡ್ತಿದ್ವಲ್ಲ." ನನಗೆ ಉತ್ತರ ಹೊಳೆಯಲಿಲ್ಲ.

ಮುಂದಿನ ವರ್ಷದ ಅಡ್ಮಿಷನ್ ಎಲ್ಲಾ ಕಡೆ ಶುರುವಾಗಿದೆ. ಇದು ನಿಜವಾಗಿ ಕಲಿಕೆನಾ, ಸುಮ್ನೆ ಕಾಲಹರಣನಾ? ಗೊತ್ತಿದ್ದವರು ಹೇಳಿ.

ಬನಶಂಕರಿ ಅಪ್ಪ
ಶುಕ್ರವಾರ, ರಾತ್ರಿ 11:05

ಬದಲಾಯಿಸಿ ಮೇಡಂ. ನಾನು ಸುಟ್ಟುಕೊಂಡವನು, ಅದಕ್ಕೇ ಹೇಳುತ್ತಿದ್ದೇನೆ.

ಮಗಳನ್ನು ಇಂಥದ್ದೇ ಒಂದು "ಪ್ರಕೃತಿ" ಶಾಲೆಗೆ ಹಾಕಿದ್ದೆ. ಹೆಸರು ಬೇಡ ಬಿಡಿ. ಬ್ರೋಷರ್ ತುಂಬ ಕಾಡು. ಒಳಗೆ ಹೋದರೆ ಪ್ಲಾಸ್ಟಿಕ್ ಹುಲ್ಲು, ಗೋಡೆಗೆ ಅಂಟಿಸಿದ ಮರ, ಆ ಮರದ ಮೇಲೆ ಥರ್ಮಕೋಲ್ ಗೂಬೆ. ವರ್ಷಕ್ಕೊಂದು ದಿನ ಸಸಿ ನೆಡುವ ಕಾರ್ಯಕ್ರಮ. ಇಪ್ಪತ್ತು ಮಕ್ಕಳು ಒಂದೇ ಸಸಿಗೆ ಕೈ ಮುಟ್ಟಿಸಿ ಫೋಟೊ. ಮಾರನೇ ದಿನ ಅದಕ್ಕೆ ನೀರು ಹಾಕಿದವರು ವಾಚ್‌ಮನ್. ಮಗಳು ಒಂದನೇ ಕ್ಲಾಸಿಗೆ ಬಂದಾಗ ಅತ್ತ ಅಕ್ಷರವೂ ಇಲ್ಲ, ಇತ್ತ ಗಿಡವೂ ಗೊತ್ತಿಲ್ಲ.

ರಾಜಾಜಿನಗರ 3ನೇ ಬ್ಲಾಕ್
ಶುಕ್ರವಾರ, ರಾತ್ರಿ 11:20

ಬೇರೆ ಪ್ರಶ್ನೆಗೆ ಉತ್ತರ ಗೊತ್ತಿಲ್ಲ, ಕಲೆದು ಗೊತ್ತು. ಒದ್ದೆ ಇರುವಾಗ ಉಜ್ಜಬೇಡಿ, ಮಣ್ಣು ದಾರದೊಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಡಿ, ಕೊಡವಿ, ಬ್ರಷ್‌ನಲ್ಲಿ ಉದುರಿಸಿ. ಆಮೇಲೆ ನೆನೆಹಾಕಿ.

ಹಿತ್ತಲ ಟೀಚರ್ (ಬಸವನಗುಡಿ)
ಶನಿವಾರ, ಬೆಳಿಗ್ಗೆ 6:50

ಹದಿನಾರು ವರ್ಷದಿಂದ ಮೂರರಿಂದ ಆರು ವರ್ಷದ ಮಕ್ಕಳ ಜೊತೆ ಇದ್ದೇನೆ. ಬನಶಂಕರಿ ಸರ್ ಹೇಳಿದಂಥ ಶಾಲೆಗಳು ಇವೆ, ಸುಳ್ಳಲ್ಲ. ಅದಕ್ಕೇ "ಏನು ಕಲಿತರು" ಅಂತ ಕೇಳುವುದಕ್ಕಿಂತ "ಅದೇ ಗಿಡದ ಹತ್ತಿರ ನಾಳೆಯೂ ಹೋಗುತ್ತಾರಾ" ಅಂತ ಕೇಳಬೇಕು. ನಮ್ಮಲ್ಲಿ ಕಳೆದ ಮಳೆಗಾಲ ಆಗಿದ್ದನ್ನು ಹೇಳುತ್ತೇನೆ.

ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂತ ಒಬ್ಬ ಹುಡುಗ ಬಂದು ಹೇಳಿದ. ಸರಿ, ಬಿಡು ಅಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಬಂದ. "ಮಿಸ್, ಹಿಕ್ಕೆ ನಡೀತಿದೆ." ಹೋಗಿ ನೋಡಿದರೆ ನಿಂಬೆ ಚಿಟ್ಟೆಯ ಮರಿಹುಳು. ಚಿಕ್ಕದಿರುವಾಗ ಅದು ಕಪ್ಪು ಬಿಳುಪಾಗಿ ಥೇಟ್ ಹಿಕ್ಕೆ ಥರಾನೇ ಇರುತ್ತದೆ, ಹಕ್ಕಿ ತಿನ್ನದಿರಲಿ ಅಂತ. ನಾನು ಬಾಯಿ ಬಿಡಲಿಲ್ಲ. ಹೆಸರು ಹೇಳಿಬಿಟ್ಟರೆ ಮಕ್ಕಳು ನೋಡುವುದನ್ನು ನಿಲ್ಲಿಸುತ್ತಾರೆ.

ಆ ಕೊಂಬೆಗೆ ಕೆಂಪು ದಾರ ಕಟ್ಟಿದೆವು. ದಿನಾ ಬೆಳಿಗ್ಗೆ ಎಣಿಕೆ. "ನಿನ್ನೆ ಒಂಬತ್ತು ಎಲೆ, ಇವತ್ತು ಆರು. ಮೂರು ತಿಂದಿದೆ." ಕಳೆಯುವ ಲೆಕ್ಕ ಅಂತ ಯಾರೂ ಹೇಳಿಕೊಡಲಿಲ್ಲ. ಸುಮಾರು ದಿನ ಆದಮೇಲೆ ಹುಳು ಹಸಿರಾಯಿತು. ಮಕ್ಕಳು "ಹಳೇದು ಹೋಯ್ತು, ಇದು ಬೇರೆ" ಅಂತ ಜಗಳ ಆಡಿದರು. ಒಬ್ಬಳು ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿದಳು. ತಲೆ ಹಿಂದಿನಿಂದ ಕಿತ್ತಳೆ ಬಣ್ಣದ ಕೊಂಬು ಹೊರಗೆ ಬಂತು, ಜೊತೆಗೆ ಗಬ್ಬು ವಾಸನೆ. ಎಲ್ಲಾ ಮೂಗು ಮುಚ್ಚಿಕೊಂಡು ಓಡಿದರು. ಐದು ನಿಮಿಷಕ್ಕೆ ಎಲ್ಲಾ ವಾಪಸ್. ಅಡುಗೆ ಅಕ್ಕ ಒಗ್ಗರಣೆಗೆ ಸೊಪ್ಪು ಕೀಳಲು ಬಂದರೆ "ದಾರದ ಕೊಂಬೆ ಬೇಡ ಅಕ್ಕ" ಅಂತ ಅಡ್ಡ ನಿಂತರು. ಒಂದು ವಾರ ಸಾರಿಗೆ ಕರಿಬೇವು ಕಮ್ಮಿ ಆಯಿತು.

ಚಿಟ್ಟೆ ಆಚೆ ಬರುವುದನ್ನು ನಾವು ನೋಡಲೇ ಇಲ್ಲ. ಸೋಮವಾರ ಬಂದಾಗ ಕೋಶ ಖಾಲಿ, ತಿಳಿ ಸಿಪ್ಪೆ ಮಾತ್ರ. ಒಬ್ಬಳು ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದ ಇನ್ನೊಂದು ಕೋಶದಿಂದ ಚಿಟ್ಟೆಯೇ ಬರಲಿಲ್ಲ, ಸಣ್ಣ ಸಣ್ಣ ಕಣಜಗಳು ಬಂದವು. ಅವು ಕೋಶದೊಳಗೆ ಮೊಟ್ಟೆ ಇಡುತ್ತವೆ, ಮರಿಗಳು ಒಳಗಿರುವುದನ್ನೇ ತಿಂದು ಬೆಳೆಯುತ್ತವೆ. ಇದನ್ನು ನಾಲ್ಕು ವರ್ಷದವರಿಗೆ ಹೇಗೆ ಹೇಳುವುದು ಅಂತ ನಾವು ಟೀಚರುಗಳು ಮಧ್ಯಾಹ್ನ ಊಟದ ಹೊತ್ತಲ್ಲಿ ತಲೆ ಕೆಡಿಸಿಕೊಂಡೆವು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಒಬ್ಬ ಕೇಳಿದ, "ಕಣಜದ ಅಮ್ಮಂಗೆ ಖುಷಿ ಆಯ್ತಾ ಹಾಗಾದ್ರೆ?"

ಪುಟ್ಟನ ಅಮ್ಮ, ನಿಮ್ಮವನು "ಏನೂ ಇಲ್ಲ" ಅನ್ನುತ್ತಾನೆ ಅಂದಿರಲ್ಲ. ಅವನಿಗೆ ಪ್ರಶ್ನೆಯೇ ಅರ್ಥ ಆಗಿರಲಿಕ್ಕಿಲ್ಲ. "ಏನು ಕಲಿತೆ" ಬಿಡಿ, "ಇವತ್ತು ಹಿತ್ತಲಲ್ಲಿ ಯಾರಿದ್ದರು" ಅಂತ ಕೇಳಿ ನೋಡಿ. ಆದರೆ ಒಂದು ಬೆಳಿಗ್ಗೆ ಅಲ್ಲೇ ಹೋಗಿ ಮೂಲೆಯಲ್ಲಿ ಕೂತುಕೊಳ್ಳಿ. ಒಳ್ಳೆ ಕಡೆ ಆದರೆ ಬೇಡ ಅನ್ನುವುದಿಲ್ಲ.

ಬನಶಂಕರಿ ಅಪ್ಪ
ಶನಿವಾರ, ಬೆಳಿಗ್ಗೆ 8:15

ಚಿಟ್ಟೆ ಕತೆ ಚೆನ್ನಾಗಿದೆ ಟೀಚರ್. ಆದರೆ ಒಂದನೇ ಕ್ಲಾಸಿನಲ್ಲಿ ಚಿಟ್ಟೆ ಕೇಳುವುದಿಲ್ಲ, ಡಿಕ್ಟೇಷನ್ ಕೊಡುತ್ತಾರೆ. ಕೈಗೆ ಪೆನ್ಸಿಲ್ ಕೊಡದೆ ಅಕ್ಷರ ಬರುವುದು ಹೇಗೆ?

ಹಿತ್ತಲ ಟೀಚರ್ (ಬಸವನಗುಡಿ)
ಶನಿವಾರ, ಬೆಳಿಗ್ಗೆ 9:30

ಸರ್, ಪೆನ್ಸಿಲ್ ಹಿಡಿಯುವುದು ಬೆರಳಿನ ಕೆಲಸ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒಟ್ಟಿಗೆ ಗಟ್ಟಿಯಾಗಬೇಕು. ಮೂರೂವರೆ ವರ್ಷಕ್ಕೆ ಪೆನ್ಸಿಲ್ ಕೊಟ್ಟರೆ ಎಷ್ಟೋ ಮಕ್ಕಳು ಮುಷ್ಟಿಯಲ್ಲಿ ಹಿಡಿದು ಭುಜದಿಂದ ಗೀಚುತ್ತಾರೆ. ಅದೇ ಮಗು ಒಂದು ವರ್ಷ ಕಾಳು ಬಿಡಿಸಿ, ಬೀಜ ಹೆಕ್ಕಿ, ಒದ್ದೆ ಬಟ್ಟೆ ಹಿಂಡಿ, ಚೊಂಬಿನಿಂದ ಲೋಟಕ್ಕೆ ಚೆಲ್ಲದೆ ನೀರು ಬಗ್ಗಿಸಿ ಬಂದರೆ ಕೈಯೇ ಬೇರೆ ಇರುತ್ತದೆ. ಅಕ್ಷರವನ್ನೂ ಮುಟ್ಟಿಯೇ ಶುರು ಮಾಡುತ್ತೇವೆ. ಮರಳು ಕಾಗದದಲ್ಲಿ ಕತ್ತರಿಸಿದ "ರ" ಮೇಲೆ ಬೆರಳಾಡಿಸುತ್ತಾರೆ, ಆಮೇಲೆ ತಟ್ಟೆಯಲ್ಲಿ ಹರಡಿದ ರಾಗಿಯಲ್ಲಿ ಬರೆಯುತ್ತಾರೆ. ನಮ್ಮ ಅಜ್ಜಂದಿರು ಮರಳಲ್ಲಿ ತಿದ್ದಿದ್ದೂ ಇದೇ ಅಲ್ವಾ?

ಇದು ಹೊಸ ಫ್ಯಾಷನ್ ಏನಲ್ಲ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ಶುರು ಮಾಡಿದ್ದು ಕೂಲಿಕಾರರ ವಠಾರದಲ್ಲಿ. ಈಗ ಆ ಹೆಸರಿಗೆ ಲಕ್ಷಗಟ್ಟಲೆ ಫೀಸು, ಅದು ಬೇರೆ ಮಾತು. 1939ರಲ್ಲಿ ಮದ್ರಾಸಿಗೆ ಬಂದವರು ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದರು. ಕೊಡೈಕನಾಲ್‌ನಲ್ಲೂ ಮಕ್ಕಳ ಜೊತೆ ಕೆಲಸ ಮಾಡಿದರು. ನಮ್ಮ ಸರ್ಕಾರದ ಲೆಕ್ಕದಲ್ಲೂ ಹಾಗೇ ಇದೆ. ಬುನಾದಿ ಹಂತಕ್ಕೆ ಅಂತ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದವರಿಗೆ ಪಠ್ಯಪುಸ್ತಕವೇ ಇರಬಾರದು ಅನ್ನುತ್ತದೆ. ಎಷ್ಟು ಜನ ಪಾಲಿಸುತ್ತಾರೆ ಅಂತ ನನ್ನನ್ನು ಕೇಳಬೇಡಿ!

ನರ್ಸಕ್ಕ (ಯಶವಂತಪುರ)
ಶನಿವಾರ, ಮಧ್ಯಾಹ್ನ 2:10

ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುವವಳು ನಾನು. ಮಣ್ಣು ಒಳ್ಳೇದೇ, ಆದರೆ ಯಾವ ಮಣ್ಣು ಅಂತ ನೋಡಬೇಕು.

ಬಯಲಿಗೆ ಹೋಗುವ ಜಾಗದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿ ಇರುತ್ತದೆ. ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ದುಂಡುಹುಳುವಿನ ಮೊಟ್ಟೆ ಕೈಯಿಂದ ಬಾಯಿಗೆ. ಹಾಗಾಗಿ ಕಾಂಪೌಂಡ್ ಇರುವ, ನಾಯಿ ಬೆಕ್ಕು ಬಾರದ ಹಿತ್ತಲು ಬೇರೆ, ರಸ್ತೆ ಬದಿ ಖಾಲಿ ಸೈಟು ಬೇರೆ. ಮರಳಿನ ಗುಂಡಿ ಇದ್ದರೆ ರಾತ್ರಿ ಮುಚ್ಚುತ್ತಾರಾ ಕೇಳಿ. ಬೆಕ್ಕಿಗೆ ಅದಕ್ಕಿಂತ ಒಳ್ಳೆ ಕಕ್ಕಸು ಇಲ್ಲ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಲೇಬೇಕು, ಸುಮ್ನೆ ನೀರಲ್ಲಿ ಅದ್ದುವುದಲ್ಲ. ಫೆಬ್ರವರಿ 10 ಮತ್ತು ಆಗಸ್ಟ್ 10ಕ್ಕೆ ಜಂತುಹುಳು ನಿವಾರಣಾ ದಿನ ಇರುತ್ತದೆ. ಅಂಗನವಾಡಿಯಲ್ಲಿ ಆಲ್ಬೆಂಡಜೋಲ್ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಮುಂದಿನ ತಿಂಗಳೇ ಇದೆ, ತಪ್ಪಿಸಬೇಡಿ. ಐದು ವರ್ಷದ ಡಿಪಿಟಿ ಬೂಸ್ಟರ್ ಕೂಡ. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ.

ಗಿಡಗಳನ್ನೂ ನೋಡಿ. ಕಣಗಿಲೆ ಇದ್ದರೆ ತೆಗೆಸಿ, ಅದರ ಎಲೆ, ಹೂವು, ಕಡ್ಡಿ ಎಲ್ಲಾ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಷ್ಟ. ಕಾಂಗ್ರೆಸ್ ಗಿಡ ಕಿತ್ತು ಹಾಕಿ, ಮಕ್ಕಳ ಕೈಲಿ ಕೀಳಿಸಬೇಡಿ. ನುಗ್ಗೆ ಮರ ಇದ್ದರೆ ಮಳೆಗಾಲದಲ್ಲಿ ಕಾಂಡದ ಮೇಲೆ ಕಂಬಳಿ ಹುಳು ಗುಂಪು ಕೂತಿರುತ್ತದೆ. ನೀರಾಟದ ಟಬ್ಬು ದಿನಾ ಸಂಜೆ ಕವುಚಿಡಬೇಕು. ಡೆಂಗಿ ಸೊಳ್ಳೆಗೆ ತಿಳಿ ನೀರೇ ಬೇಕು, ಒಂದು ವಾರ ಹತ್ತು ದಿನದಲ್ಲಿ ಮರಿ ಹಾರುತ್ತದೆ.

ಇಷ್ಟೆಲ್ಲಾ ಹೆದರಿಸಿದೆ ಅಂದುಕೊಳ್ಳಬೇಡಿ. ಫಿನ್‌ಲೆಂಡ್‌ನಲ್ಲಿ ಡೇಕೇರ್ ಅಂಗಳಗಳಿಗೆ ಕಾಡಿನ ನೆಲದ ಮಣ್ಣು, ಹುಲ್ಲು, ಗಿಡ ತಂದು ಹಾಸಿ 28 ದಿನ ಮಕ್ಕಳನ್ನು ಆಡಲು ಬಿಟ್ಟರು. ಚರ್ಮದ ಮೇಲಿನ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ರಕ್ತ ಪರೀಕ್ಷೆಯಲ್ಲಿ ರೋಗನಿರೋಧಕ ವ್ಯವಸ್ಥೆಗೂ ಒಳ್ಳೆ ಬದಲಾವಣೆ ಕಂಡಿತು. 2020ರಲ್ಲಿ ಪ್ರಕಟವಾಗಿದೆ. ಇದ್ದದ್ದು 75 ಮಕ್ಕಳು, ಹಾಗಾಗಿ ಇದೊಂದನ್ನೇ ಹಿಡಿದು ಕುಣಿಯುವ ಹಾಗಿಲ್ಲ. ಆದರೆ ಮಣ್ಣು ಕಂಡ ಕೂಡಲೇ ಸ್ಯಾನಿಟೈಸರ್ ಹಿಡಿದು ಓಡುವುದೂ ಬೇಡ.

ಮಾಗಡಿ ತಾತ
ಶನಿವಾರ, ಸಂಜೆ 5:45

ಅಮ್ಮಾ, ನಿಮ್ಮ ಅತ್ತೆ ಹೇಳಿದ್ದು ನಿಜ. ನಾವು ಪುಕ್ಕಟೆ ಆಡಿದೆವು. ಆದರೆ ಈಗ ಜೆ.ಪಿ. ನಗರದಲ್ಲಿ ಪುಕ್ಕಟೆ ಮಣ್ಣು ಎಲ್ಲಿದೆ ಹೇಳಿ? ಮನೆ ಮುಂದೆ ರಂಗೋಲಿ ಜಾಗವೂ ಸಿಮೆಂಟು.

ನನ್ನ ಮೊಮ್ಮಗಳ ಶಾಲೆಯಲ್ಲಿ ಜುಲೈನಲ್ಲಿ ಕಡಲೆಕಾಯಿ ಬೀಜ ಹಾಕಿಸಿದರು. ನಾನೇ ಹೋಗಿ ಹೇಳಿಕೊಟ್ಟೆ. ಹಳದಿ ಹೂವು ಬಂದಾಗ ಮಕ್ಕಳೆಲ್ಲಾ ಕಾಯಿ ಮೇಲೆ ಬರುತ್ತೆ ಅಂತ ಕಾದರು. ಹೂವು ಬಾಡಿತು. ಅಲ್ಲಿಂದ ದಾರದಂಥ ದಂಟು ಕೆಳಕ್ಕೆ ಬಗ್ಗಿ ನೆಲಕ್ಕೆ ಚುಚ್ಚಿಕೊಂಡಿತು. "ತಾತ, ಗಿಡ ಬಗ್ಗಿ ಏನೋ ಬಚ್ಚಿಡ್ತಿದೆ" ಅಂದಳು ನಮ್ಮವಳು. ನಲವತ್ತು ವರ್ಷ ಬೇಸಾಯ ಮಾಡಿದವನು ನಾನು, ಹೀಗೆ ನೋಡಿರಲಿಲ್ಲ.

ಕಾರ್ತೀಕದ ಕೊನೇ ಸೋಮವಾರ ಬಸವನಗುಡಿ ಪರಿಷೆ ಅಲ್ವಾ, ಅದಕ್ಕೆ ಒಂದು ವಾರ ಮುಂಚೆ ಕಿತ್ತರು. ಅರ್ಧ ಜೊಳ್ಳು. ಹೆಗ್ಗಣ ಒಂದು ಸಾಲನ್ನೇ ಮುಗಿಸಿತ್ತು. ಉಳಿದದ್ದು ಒಬ್ಬೊಬ್ಬರಿಗೆ ಆರೇಳು ಕಾಯಿ. ಬೇಯಿಸಿ ತಿಂದರು. ಪರಿಷೆಗೆ ಕರೆದುಕೊಂಡು ಹೋದರೆ ರಾಶಿ ಮುಂದೆ ನಿಂತು ವ್ಯಾಪಾರಿಯನ್ನು ಕೇಳಿದಳು, "ನಿಮ್ ಹೊಲಕ್ಕೆ ಹೆಗ್ಗಣ ಬರಲಿಲ್ವಾ?"

ಅಂಗನವಾಡಿ ಟೀಚರ್
ಶನಿವಾರ, ರಾತ್ರಿ 9:00

ಇಲ್ಲಿ ಎಲ್ಲರೂ ಫೀಸಿನ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಫೀಸೇ ಇಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆ ಇದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟದ ಮೂಲಕ ಪಾಠ ಅಂತ ಅವತ್ತಿನಿಂದ ಇದೆ. ಯಾರೂ ಅದನ್ನು ಬ್ರೋಷರ್ ಮಾಡಲಿಲ್ಲ.

ನನ್ನ ಕೇಂದ್ರ ಬಾಡಿಗೆ ಮನೆ, ಒಂದೇ ರೂಮು. ಹಿತ್ತಲು ಇಲ್ಲ, ಎದುರಿಗೆ ರಸ್ತೆ. ಆದರೂ ಹುಣಸೆ ಬೀಜದಲ್ಲಿ ಎಣಿಕೆ ಮಾಡಿಸುತ್ತೇನೆ. ಹೆಸರುಕಾಳು ನೆನೆಸಿ ಬಟ್ಟೆ ಕಟ್ಟಿ ಮೊಳಕೆ ಬರಿಸುತ್ತೇವೆ, ಅದನ್ನೇ ಉಪ್ಪು ನಿಂಬೆಹುಳಿ ಹಾಕಿ ತಿನ್ನುತ್ತಾರೆ. ಮಳೆ ಬಂದರೆ ಬಾಗಿಲಲ್ಲಿ ಕೂತು ನೀರು ಯಾವ ಕಡೆ ಹರಿಯುತ್ತದೆ ನೋಡುತ್ತೇವೆ. ಕಸದ ಆಟೊ ಬಂದಾಗ ಹಸಿ ಕಸದ ಡಬ್ಬ ಮಕ್ಕಳೇ ಎತ್ತಿಕೊಂಡು ಹೋಗುತ್ತಾರೆ. ಹಾಲಿನ ಕವರು ಅದರಲ್ಲಿ ಕಂಡರೆ ಪೌರಕಾರ್ಮಿಕ ಅಕ್ಕನಿಗಿಂತ ಮೊದಲು ಇವರೇ ಬೈಯುತ್ತಾರೆ.

ಕಷ್ಟ ಇರುವುದು ಹೊತ್ತಿನದು. ತೂಕ ನೋಡಬೇಕು, ಎತ್ತರ ನೋಡಬೇಕು, ಮೊಟ್ಟೆ ಹಂಚಬೇಕು, ಬಾಣಂತಿಯರ ಲೆಕ್ಕ, ಮೊಬೈಲಿನಲ್ಲಿ ಎಂಟ್ರಿ. ಮಗು ಇರುವೆ ಸಾಲು ನೋಡುತ್ತಾ ಅರ್ಧ ಗಂಟೆ ಕೂತರೆ ಅದರ ಪಕ್ಕ ಕೂರಲು ನನಗೆ ಅರ್ಧ ಗಂಟೆ ಸಿಗಬೇಕಲ್ಲ. ಕಿಟ್ ಬೇಡ, ಆ ಅರ್ಧ ಗಂಟೆ ಕೊಡಿ ಸಾಕು.

ಹದಿನಾಲ್ಕನೇ ಮಹಡಿ (ವೈಟ್‌ಫೀಲ್ಡ್)
ಭಾನುವಾರ, ಬೆಳಿಗ್ಗೆ 7:30

ಅಂಗನವಾಡಿ ಮೇಡಂ ಮಾತಿಗೆ ನೂರು ಲೈಕ್.

ನಮ್ಮ ಪಾಡು ಇನ್ನೂ ತಮಾಷೆ. ಅಪಾರ್ಟ್‌ಮೆಂಟಿನಲ್ಲಿ ತೋಟ ಇದೆ, "ಹುಲ್ಲು ತುಳಿಯಬೇಡಿ" ಬೋರ್ಡೂ ಇದೆ. ಹಾಗಾಗಿ ಬಾಲ್ಕನಿಯಲ್ಲಿ ಒಂದು ದೊಡ್ಡ ಕುಂಡ ಇಟ್ಟಿದ್ದೇವೆ. ಜುಲೈನಲ್ಲಿ ಅದರೊಳಗೆ ಮಗಳು ಮೂರು ವಸ್ತು ಹೂತಳು: ಬಾಳೆಹಣ್ಣಿನ ಸಿಪ್ಪೆ, ಒಂದು ಹತ್ತಿ ಬಟ್ಟೆ ತುಂಡು, ಚಾಕೊಲೇಟ್ ಕವರ್. ಗುರುತಿಗೆ ಐಸ್‌ಕ್ರೀಂ ಕಡ್ಡಿ. ದಸರಾ ರಜೆಯಲ್ಲಿ ಅಗೆದೆವು. ಸಿಪ್ಪೆ ಇರಲೇ ಇಲ್ಲ. ಬಟ್ಟೆ ಜಾಲರಿ ಆಗಿತ್ತು, ಮುಟ್ಟಿದರೆ ಹರಿಯುತ್ತಿತ್ತು. ಕವರ್ ಹೊಳೆಯುತ್ತಿತ್ತು. ತೊಳೆದರೆ ಹೆಸರು ಓದಬಹುದಿತ್ತು. ಅವಳು ಮತ್ತೆ ಹೂತಿಟ್ಟಿದ್ದಾಳೆ, "ಇನ್ನೂ ಸ್ವಲ್ಪ ದಿನ ಕೊಡೋಣಪ್ಪ, ಪಾಪ" ಅಂತ.

ಬನಶಂಕರಿ ಅಪ್ಪ
ಭಾನುವಾರ, ಬೆಳಿಗ್ಗೆ 10:20

ಇದನ್ನೆಲ್ಲಾ ಓದಿ ಮಗಳನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಬಂದಿದ್ದೇನೆ. 240 ಎಕರೆ ಇದೆ, ಎಲ್ಲಿಂದ ಶುರು ಮಾಡಲಿ ಟೀಚರ್?

ಹಿತ್ತಲ ಟೀಚರ್ (ಬಸವನಗುಡಿ)
ಭಾನುವಾರ, ಬೆಳಿಗ್ಗೆ 10:32

ಎಲ್ಲಾ ತೋರಿಸಲು ಹೋಗಬೇಡಿ ಸರ್. ಗಾಜಿನ ಮನೆ, ಕೆರೆ, ಹೂವಿನ ಗಡಿಯಾರ ಅಂತ ಓಡಿಸಿದರೆ ಅವಳಿಗೆ ಐಸ್‌ಕ್ರೀಂ ಮಾತ್ರ ನೆನಪಿರುತ್ತದೆ. ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ವಯಸ್ಸು ಹೇಳಬೇಡಿ, ಅವಳಿಗೆ ಹೋದ ಭಾನುವಾರವೇ ಬಹಳ ಹಿಂದೆ. ಚಪ್ಪಲಿ ಬಿಚ್ಚಿಸಿ, ಬಿಸಿಲು ಬಿದ್ದ ಕಡೆ ಒಮ್ಮೆ, ನೆರಳಿರುವ ಕಡೆ ಒಮ್ಮೆ ನಿಲ್ಲಿಸಿ. ಕಲ್ಲಿನ ಬಿರುಕಲ್ಲಿ ಹುಲ್ಲು ಹೇಗೆ ಬಂತು ಅಂತ ಅವಳೇ ಕೇಳುತ್ತಾಳೆ. ಕೇಳದಿದ್ದರೆ ಬಿಡಿ.

ಬನಶಂಕರಿ ಅಪ್ಪ
ಭಾನುವಾರ, ಮಧ್ಯಾಹ್ನ 12:50

ಕೇಳಲಿಲ್ಲ. ಇರುವೆ ಹಿಂದೆ ಹೋದಳು. ನಲವತ್ತು ನಿಮಿಷ. ನಾನೂ ಹೋದೆ.

ಪುಟ್ಟನ ಅಮ್ಮ (ಜೆ.ಪಿ. ನಗರ)
ಮುಂದಿನ ಭಾನುವಾರ, ರಾತ್ರಿ 9:15

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಹೇಳಿದ ಹಾಗೆ ಬುಧವಾರ ಅರ್ಧ ದಿನ ರಜೆ ಹಾಕಿ ಮೂಲೆಯಲ್ಲಿ ಕೂತಿದ್ದೆ.

ನಮ್ಮವನು ಮತ್ತು ಇನ್ನೊಂದು ಹುಡುಗಿ ತೊಟ್ಟಿ ಹತ್ತಿರ ಇದ್ದರು. ಯಾವುದು ಮುಳುಗುತ್ತೆ, ಯಾವುದು ತೇಲುತ್ತೆ ಅಂತ ಆಟ. ಹೊಂಗೆ ಕಾಯಿ ತೇಲಿತು. ಕಾಯಿ ಒಡೆದು ಒಳಗಿನ ಬೀಜ ಹಾಕಿದ. ಮುಳುಗಿತು. ಮತ್ತೆ ಸಿಪ್ಪೆ ಹಾಕಿದ. ತೇಲಿತು. ಆಮೇಲೆ ಬೀಜವನ್ನು ಸಿಪ್ಪೆಯೊಳಗೆ ಕೂರಿಸಿ ದೋಣಿ ಥರ ಬಿಟ್ಟ. ನಾನು ಅವನನ್ನು ಅಷ್ಟು ಹೊತ್ತು ಸುಮ್ಮನಿದ್ದು ನೋಡಿಯೇ ಇರಲಿಲ್ಲ. ಅಲ್ಲಿನ ಟೀಚರ್ ಹತ್ತಿರ ಬಂದರು, ಒಂದು ಮಾತೂ ಆಡಲಿಲ್ಲ, ಇನ್ನೊಂದು ಕಾಯಿ ಅಲ್ಲಿಟ್ಟು ಹೋದರು. ನಾನಾಗಿದ್ದರೆ ಖಂಡಿತ "ನೋಡು ಪುಟ್ಟಾ, ಭಾರ ಇರೋದು ಮುಳುಗುತ್ತೆ" ಅಂತ ಶುರು ಮಾಡಿರುತ್ತಿದ್ದೆ. ಒಂದೇ ಬೇಜಾರು: ಕೈ ತೊಳೆಯುವ ಕಡೆ ಸೋಪು ಇರಲಿಲ್ಲ. ನರ್ಸಕ್ಕನ ಹೆಸರಲ್ಲಿ ಹೇಳಿ ಬಂದೆ.

ಇವತ್ತು ಅತ್ತೆ ಹಿತಕವರೆ ಸಾರು ಮಾಡಲು ಎರಡು ಕೇಜಿ ಮಾಗಡಿ ಅವರೆಕಾಯಿ ತಂದಿದ್ದರು. ಇವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನೆನೆದ ಕಾಳನ್ನು ಎರಡು ಬೆರಳಲ್ಲಿ ಹಿತುಕಿದ. ಮೊದಲನೇದು ನೇರ ಅತ್ತೆ ಕನ್ನಡಕಕ್ಕೆ ಬಡಿಯಿತು. ಬೈಯುತ್ತಾರೆ ಅಂದುಕೊಂಡೆ. "ಮೂತಿ ಕಡೆ ಹಿಡ್ಕೋ, ಇನ್ನೊಂದ್ ಕಡೆಯಿಂದ ಒತ್ತು, ಮೆಲ್ಲಗೆ" ಅಂತ ಕೈ ಹಿಡಿದು ತೋರಿಸಿದರು. ಮುಕ್ಕಾಲು ಗಂಟೆ ಇಬ್ಬರೂ ಎದ್ದೇ ಇಲ್ಲ. ಈ ವರ್ಷ ಬದಲಾಯಿಸುವುದಿಲ್ಲ. ಮುಂದಿನ ವರ್ಷದ್ದು ಇನ್ನೂ ಗೊತ್ತಿಲ್ಲ, ಮನೆಯವರ ಜೊತೆ ಮಾತು ನಡೀತಿದೆ.

ಈಗ ಬೇರೆ ಸಮಸ್ಯೆ. ಕಾಯಿಯೊಳಗೆ ಒಂದು ದಪ್ಪ ಹಸಿರು ಹುಳು ಸಿಕ್ಕಿತು. ಎಸೆಯಲು ಬಿಡುತ್ತಿಲ್ಲ. ಅತ್ತೆಯ ಸ್ಟೀಲ್ ಡಬ್ಬದಲ್ಲಿ ಹಾಕಿಕೊಂಡು ತಲೆ ಹತ್ತಿರ ಇಟ್ಟು ಮಲಗಿದ್ದಾನೆ. ಇದಕ್ಕೆ ಏನು ತಿನ್ನಿಸಬೇಕು?

ಹಿತ್ತಲ ಟೀಚರ್ (ಬಸವನಗುಡಿ)
ಭಾನುವಾರ, ರಾತ್ರಿ 9:40

ಅವರೆಕಾಯಿಯನ್ನೇ ಹಾಕಿ, ದಿನಾ ಹೊಸದು. ಸ್ಟೀಲ್ ಡಬ್ಬ ಬೇಡ, ಗಾಜಿನ ಬಾಟಲಿಗೆ ಬದಲಾಯಿಸಿ. ಬಾಯಿಗೆ ತೆಳು ಬಟ್ಟೆ ಕಟ್ಟಿ. ತಳಕ್ಕೆ ಎರಡು ಮೂರು ಇಂಚು ಮಣ್ಣು ಇರಲಿ. ಇದು ಕೋಶ ಕಟ್ಟುವುದು ಮಣ್ಣಿನೊಳಗೆ. ಚಿಟ್ಟೆ ಅಲ್ಲ, ಕಂದು ಪತಂಗ ಬರುತ್ತದೆ. ಅವನಿಗೆ ಮೊದಲೇ ಹೇಳಬೇಡಿ.

ಪುಟ್ಟನ ಅಮ್ಮ (ಜೆ.ಪಿ. ನಗರ)
ಭಾನುವಾರ, ರಾತ್ರಿ 9:44

ಸರಿ ಟೀಚರ್. ಈ ರಾತ್ರಿಯಲ್ಲಿ ಮೂರಿಂಚು ಮಣ್ಣು ಎಲ್ಲಿಂದ ತರಲಿ?

ಬನಶಂಕರಿ ಅಪ್ಪ
ಭಾನುವಾರ, ರಾತ್ರಿ 9:45

ಯೂನಿಫಾರ್ಮ್ ಕೊಡವಿ ಮೇಡಂ.